ಫೈಬರ್ ದೋಣಿಗೆ ನ್ಯಾನೋ ಕಣ: ಬಿರುಕನ್ನು ತಡೆಯುವುದು ಯಾವುದು, ಎಲ್ಲಿ?

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡ ಕರಾವಳಿಯಲ್ಲಿ ಬೋಟುಗಳು ದಡ ಸೇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ ಕಡಲು ಒರಟಾದ ದಿನಗಳಲ್ಲಿ ಅವೂ ಮರಳ ಮೇಲೆಯೇ ಇರುತ್ತವೆ. ಬೈತಖೋಲ, ಮುದಗಾ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಎಲ್ಲ ಕಡೆ ಇದು ರಿಪೇರಿ ಕಾಲ.

ಫೈಬರ್ ಕೆಲಸ ಬಲ್ಲವರು ದೋಣಿಯ ತಳವನ್ನು ಬರೀ ಕಣ್ಣಲ್ಲಿ ನೋಡಿ ಬಿಡುವುದಿಲ್ಲ. ಸಣ್ಣ ಸುತ್ತಿಗೆಯಿಂದಲೋ ನಾಣ್ಯದಿಂದಲೋ ತಟ್ಟುತ್ತಾ ಹೋಗುತ್ತಾರೆ. ಚೆನ್ನಾಗಿರುವ ಕಡೆ ಟಣ್ ಎಂದು ಚುರುಕಾದ ಸದ್ದು ಬರುತ್ತದೆ. ಒಂದು ಕಡೆ ಬಂದಾಗ ಸದ್ದು ದಬ್ ಎಂದು ಮಂಕಾಗುತ್ತದೆ. ಹೊರಗೆ ಬಿರುಕಿಲ್ಲ, ಬಣ್ಣವೂ ಎದ್ದಿಲ್ಲ. ಆದರೆ ಅಲ್ಲಿ ಒಳಗೆ ಪದರಗಳು ಒಂದನ್ನೊಂದು ಬಿಟ್ಟಿವೆ. ಚಾಕ್ ತಗೊಂಡು ಸುತ್ತ ಗೆರೆ ಹಾಕಿ, ಗ್ರೈಂಡರ್ ಹಚ್ಚಿದರೆ ಅಂಗೈಯಗಲದ ಜಾಗ ಅಂದುಕೊಂಡದ್ದು ಕೆಲವೊಮ್ಮೆ ಮೊಳದುದ್ದ ಹೋಗಿರುತ್ತದೆ.

ಪದರ ಬಿಡುವ ಈ ಕಾಯಿಲೆಗೇ ಈಗ ನ್ಯಾನೋ ಕಣಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳನ್ನು, ಮದ್ದು ಎಂದು ಹೇಳಲಾಗುತ್ತಿದೆ. ರೆಸಿನ್ (ಎಳೆಗಳನ್ನು ಹಿಡಿದಿಡುವ, ಆಮೇಲೆ ಗಟ್ಟಿಯಾಗುವ ದ್ರವ), ಕೋಟಿಂಗ್, ಅಂಟು, ಎಲ್ಲದರ ಡಬ್ಬಿ ಮೇಲೂ ನ್ಯಾನೋ ಎಂದು ಬರೆದಿರುವುದು ಕಾಣುತ್ತಿದೆ. ಇದರ ಹಿಂದೆ ಗಟ್ಟಿಯಾದ ವಿಜ್ಞಾನ ಇದೆ. ಆದರೆ ಆ ವಿಜ್ಞಾನ ನಡೆದದ್ದು ಯಾವ ರೆಸಿನ್ ಮೇಲೆ, ಯಾವ ಹವೆಯಲ್ಲಿ, ಯಾವ ಎಳೆಯ ಜೊತೆ ಎಂದು ನೋಡದೆ ಅದನ್ನು ನಮ್ಮ ದೋಣಿಗೆ ತಂದು ಹಚ್ಚಿದರೆ ಮೀನುಗಾರರ ದುಡ್ಡು ಹಾಳು. ಅದನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಪದರ ಯಾಕೆ ಬಿಡುತ್ತದೆ ಎಂದು ನೋಡೋಣ. ದೋಣಿಯ ಮೈ ಎಂದರೆ ಗಾಜಿನ ಎಳೆಯ ಮ್ಯಾಟ್, ಅದರ ಮೇಲೆ ರೆಸಿನ್, ಮತ್ತೆ ಮ್ಯಾಟ್, ನಡುವೆ ರೋವಿಂಗ್ ಎಂಬ ಗಾಜಿನ ಎಳೆಯ ದಪ್ಪ ನೇಯ್ಗೆ, ಹೀಗೆ ಒಂದರ ಮೇಲೊಂದು. ಬ್ರಷ್‌ನಿಂದ ರೆಸಿನ್ ಬಳಿದು, ರೋಲರ್ ಆಡಿಸಿ ಗಾಳಿಗುಳ್ಳೆ ಹೊರಹಾಕುತ್ತಾರೆ. ಎಳೆಗಳ ಶಕ್ತಿ ದೊಡ್ಡದು. ಇ-ಗ್ಲಾಸ್ ಎಂಬ ಈ ಗಾಜಿನ ಎಳೆ 3,000 ಮೆಗಾಪಾಸ್ಕಲ್‌ಗೂ ಜಾಸ್ತಿ ಎಳೆತ ತಾಳುತ್ತದೆ. ಅದನ್ನು ಹಿಡಿದಿಟ್ಟುಕೊಂಡ ರೆಸಿನ್ ತಾಳುವುದು ಸುಮಾರು 60ರಿಂದ 80 ಮಾತ್ರ. ಎಳೆಗಳು ಪದರದ ಉದ್ದಗಲಕ್ಕೆ ಮಲಗಿವೆ. ಪದರ ಮತ್ತು ಪದರದ ನಡುವೆ, ಮೇಲಿಂದ ಕೆಳಕ್ಕೆ, ಎಳೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಇರುವುದು ಬಹುಪಾಲು ತೆಳುವಾದ ರೆಸಿನ್.

ಶಿರಸಿ ಕಡೆಯವರಿಗೆ ಅಡಿಕೆ ಹಾಳೆ ಗೊತ್ತಲ್ವಾ? ಅಡ್ಡಕ್ಕೆ ಹರಿಯಲು ಹೋದರೆ ಕೈ ನೋಯುತ್ತದೆ, ನಾರಿನ ಗುಂಟ ಸೀಳಿದರೆ ಸಲೀಸಾಗಿ ಬರುತ್ತದೆ. ಅದೂ ಎಳೆ ಮತ್ತು ಅಂಟು ಸೇರಿ ಆದ ವಸ್ತುವೇ. ಬಿರುಕಿಗೆ ಎಳೆ ಕಡಿಯುವ ಕಷ್ಟ ಬೇಡ, ಎಳೆಗಳ ನಡುವಿನ ಮೆತ್ತನೆ ದಾರಿ ಸಾಕು.

ಈ ದಾರಿ ತೆರೆದುಕೊಳ್ಳುವುದು ಪೆಟ್ಟು ಬಿದ್ದಾಗ. ನಮ್ಮಲ್ಲಿ ಪೆಟ್ಟು ಎಂದರೆ ಮುಖ್ಯವಾಗಿ ಅಳಿವೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಬಾಯಲ್ಲಿ ಹೂಳು ತುಂಬಿ ದೋಣಿಯ ತಳ ಮರಳಿಗೆ ಬಡಿಯುವುದು ಹಳೆಯ ಗೋಳು. ತೆರೆ ದೋಣಿಯನ್ನು ಎತ್ತಿ ಕುಕ್ಕುತ್ತದೆ. ಆಗ ತಳ ಒಳಕ್ಕೆ ಬಾಗಿ ಮತ್ತೆ ಸರಿಯಾಗುತ್ತದೆ. ಹೊರಮೈ ಹಾಗೇ ಇರುತ್ತದೆ, ನಡುವಿನ ಪದರಗಳ ನಡುವೆ ಒಂದು ಬಿರುಕು ಹುಟ್ಟಿಬಿಟ್ಟಿರುತ್ತದೆ. ಆಮೇಲೆ ಪ್ರತಿ ತೆರೆಯೂ ಅದನ್ನು ಕೂದಲೆಳೆಯಷ್ಟು ಮುಂದೆ ತಳ್ಳುತ್ತದೆ. ಉಪ್ಪುನೀರು ಅದರೊಳಗೆ ಸೇರಿ, ಗಾಜಿನ ಎಳೆಗೂ ರೆಸಿನ್‌ಗೂ ಇರುವ ಹಿಡಿತವನ್ನು ಸಡಿಲ ಮಾಡುತ್ತದೆ. ದೋಣಿ ಒಡೆದ ದಿನ ಎಲ್ಲರೂ ಆ ದಿನದ ತೆರೆಯನ್ನು ದೂರುತ್ತಾರೆ. ಬಿರುಕಿಗೆ ಮಾತ್ರ ಅಷ್ಟರೊಳಗೆ ವರ್ಷಗಳೇ ಆಗಿರುತ್ತವೆ.

ಹಾಗಾಗಿ ಇಲ್ಲಿ ಕೇಳಬೇಕಾದ್ದು ವಸ್ತು ಎಷ್ಟು ಭಾರ ತಾಳುತ್ತದೆ ಎಂಬುದಷ್ಟನ್ನೇ ಅಲ್ಲ. ಒಮ್ಮೆ ಬಿರುಕು ಹುಟ್ಟಿದ ಮೇಲೆ ಅದು ಮುಂದೆ ಹೋಗಲು ಎಷ್ಟು ಶಕ್ತಿ ಬೇಕು ಎಂದು ಕೇಳಬೇಕು. ಇದನ್ನು ಪ್ರತಿ ಚದರ ಮೀಟರ್ ಬಿರುಕಿಗೆ ಎಷ್ಟು ಜೂಲ್ ಎಂದು ಅಳೆಯುತ್ತಾರೆ. ಎಪಾಕ್ಸಿ ಎಂಬುದು ಒಂದು ಬಗೆಯ ರೆಸಿನ್; ಮಾಮೂಲಿ ಎಪಾಕ್ಸಿಯಲ್ಲಿ ಇದು 100ರ ಆಸುಪಾಸಿನಿಂದ ಕೆಲವು ನೂರರವರೆಗೆ. ಗಟ್ಟಿಯಾಗಿದ್ದೂ ಸುಲಭವಾಗಿ ಸೀಳುವ ವಸ್ತು ಅದು.

ಇದನ್ನು ಸರಿಮಾಡಲು ಮೊದಲು ಹಾಕಿದ್ದು ರಬ್ಬರ್. 1970ರ ದಶಕದಿಂದಲೇ ದ್ರವ ರಬ್ಬರನ್ನು ಎಪಾಕ್ಸಿಗೆ ಬೆರೆಸುತ್ತಾ ಬಂದಿದ್ದಾರೆ. ರೆಸಿನ್ ಗಟ್ಟಿಯಾಗುವಾಗ ರಬ್ಬರ್ ಬೇರ್ಪಟ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಹನಿಗಳಾಗಿ ಉಳಿಯುತ್ತದೆ. ಬಿರುಕು ತಡೆಯುವ ಗುಣ ಚೆನ್ನಾಗಿ ಏರುತ್ತದೆ. ಆದರೆ ವಸ್ತು ಸ್ವಲ್ಪ ಮೆದುವಾಗುತ್ತದೆ, ಶಾಖ ತಾಳುವುದೂ ಕಡಿಮೆಯಾಗಬಹುದು, ರೆಸಿನ್ ದಪ್ಪಗಾಗಿ ಎಳೆಗಳೊಳಗೆ ಇಳಿಯಲು ತಡವರಿಸುತ್ತದೆ. ವಿಮಾನದವರು ಇನ್ನೊಂದು ದಾರಿ ಹಿಡಿದರು. ಪದರಗಳ ನಡುವೆ ಮಾತ್ರ ಥರ್ಮೋಪ್ಲಾಸ್ಟಿಕ್ (ಬಿಸಿಗೆ ಮೆದುವಾಗುವ ಪ್ಲಾಸ್ಟಿಕ್) ಕಣಗಳನ್ನು ಇಟ್ಟರು. ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್ (ಎಳೆ ಮತ್ತು ರೆಸಿನ್ ಸೇರಿದ ವಸ್ತು) ಇರುವ ಬೋಯಿಂಗ್ 787ರಲ್ಲಿ ಇಂಥದ್ದೇ ಪದರಗಳಿವೆ.

ನ್ಯಾನೋ ಕಣದ ಕಥೆ ಇಲ್ಲಿಂದ ಮುಂದೆ. ಸಿಲಿಕಾದ (ಮರಳಿನಲ್ಲಿರುವ ವಸ್ತು) ಗುಂಡಗಿನ ಕಣ ತೆಗೆದುಕೊಳ್ಳಿ, ಅಡ್ಡಳತೆ ಸುಮಾರು 20 ನ್ಯಾನೋಮೀಟರ್; ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್. ಒಂದು ಗಾಜಿನ ಎಳೆಯ ದಪ್ಪ 15 ಮೈಕ್ರಾನ್ ಎಂದುಕೊಂಡರೆ, ಅಷ್ಟು ಜಾಗದಲ್ಲಿ ಇಂಥ 700ಕ್ಕೂ ಹೆಚ್ಚು ಕಣ ಸಾಲಾಗಿ ನಿಲ್ಲುತ್ತವೆ. ರೆಸಿನ್‌ನಲ್ಲಿ ಗಾತ್ರದಲ್ಲಿ ನೂರಕ್ಕೆ ಹತ್ತು ಪಾಲು ಇಂಥ ಕಣ ತುಂಬಿದರೆ ಒಂದು ಘನ ಮಿಲಿಮೀಟರ್‌ನಲ್ಲಿ 20 ಲಕ್ಷ ಕೋಟಿಗೂ ಜಾಸ್ತಿ ಕಣ ಇರುತ್ತವೆ. ಎಳೆಗಳ ನಡುವಿನ ಅತಿ ಇಕ್ಕಟ್ಟಿನ ಸಂದಿಗೂ ಅವು ಹೋಗಬಲ್ಲವು.

ಬಿರುಕಿನ ತುದಿ ಹತ್ತಿರ ಬಂದಾಗ ಏನಾಗುತ್ತದೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಕಣ ಬಿರುಕಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಇಷ್ಟು ಚಿಕ್ಕ ಕಣದಿಂದ ಅದು ಆಗುವುದಿಲ್ಲ. ಬಿರುಕಿನ ತುದಿಯ ಮುಂದೆ ಎಳೆತ ಜಾಸ್ತಿಯಾದಾಗ ಕಣ ತನ್ನ ಸುತ್ತಲಿನ ಎಪಾಕ್ಸಿಯಿಂದ ಬಿಟ್ಟುಕೊಳ್ಳುತ್ತದೆ. ಕಣದ ಸುತ್ತ ಸಣ್ಣ ಪೊಳ್ಳು ಹುಟ್ಟುತ್ತದೆ. ಆ ಪೊಳ್ಳು ಹಿಗ್ಗಬೇಕಾದರೆ ಸುತ್ತಲಿನ ಎಪಾಕ್ಸಿ ಹಿಗ್ಗಿ, ಜಾರಿ, ರೂಪ ಬದಲಿಸಬೇಕು. ಹೀಗೆ ರೂಪ ಬದಲಿಸುವಾಗಲೇ ಶಕ್ತಿ ಖರ್ಚಾಗುವುದು. ಒಂದು ಕಣದ ಲೆಕ್ಕ ಏನೂ ಅಲ್ಲ. ಲಕ್ಷ ಕೋಟಿಗಳ ಲೆಕ್ಕದಲ್ಲಿ ಅದು ದೊಡ್ಡದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆಂಟನಿ ಕಿನ್‌ಲಾಕ್ ಮತ್ತು ಅಂಬ್ರೋಸ್ ಟೇಲರ್ ತಂಡ 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಗಾತ್ರದಲ್ಲಿ ನೂರಕ್ಕೆ ಸುಮಾರು 13 ಪಾಲು ನ್ಯಾನೋ ಸಿಲಿಕಾ ಬೆರೆಸಿದ ಎಪಾಕ್ಸಿಯ ಬಿರುಕು ತಡೆ 100 ಜೂಲ್‌ನಿಂದ 460 ಜೂಲ್‌ಗೆ ಏರಿತು. ರಬ್ಬರ್ ಹಾಕಿದಾಗ ಆಗುವಂತೆ ಮೆದುವಾಗಲಿಲ್ಲ, ಬದಲಿಗೆ ಬಿಗಿ ಹೆಚ್ಚಿತು. ನಾಲ್ಕೂವರೆ ಪಟ್ಟು ಎಂದರೆ ಸಣ್ಣ ಮಾತಲ್ಲ.

ಆದರೆ ಅದು ಬರೀ ರೆಸಿನ್‌ನ ಅಚ್ಚು. ಎಳೆ ಹಾಕಿದ ಹಾಳೆಯಲ್ಲಿ ಅಷ್ಟೇ ಲಾಭ ಸಿಗುವುದಿಲ್ಲ. ಯಾಕೆಂದರೆ ಬಿರುಕಿನ ಮುಂದೆ ರೂಪ ಬದಲಿಸಲು ರೆಸಿನ್‌ಗೆ ಜಾಗ ಬೇಕು. ಬರೀ ರೆಸಿನ್‌ನಲ್ಲಿ ಆ ಜಾಗ ಹತ್ತಾರು ಮೈಕ್ರಾನ್ ಹರಡಬಹುದು. ಎರಡು ಎಳೆಗಳ ನಡುವೆ ಸಿಗುವುದು ಕೆಲವೇ ಮೈಕ್ರಾನ್. ಎಳೆಗಳೇ ಅದನ್ನು ಅಮುಕಿ ಹಿಡಿಯುತ್ತವೆ. ಈ ಮಾತನ್ನು ನ್ಯಾನೋ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ರೆಸಿನ್‌ನ ಅಂಕಿಯನ್ನು ತೋರಿಸಿ ದೋಣಿಯ ಬಗ್ಗೆ ಮಾತಾಡುತ್ತಾರೆ.

ಎಳೆ ಇರುವ ಹಾಳೆಯ ಮೇಲೇ ನಡೆದ ಒಂದು ಪರೀಕ್ಷೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) ವಿಜ್ಞಾನಿ ಸಿ.ಎಂ. ಮಂಜುನಾಥ ಅವರು ಇದೇ ಇಂಪೀರಿಯಲ್ ತಂಡದ ಜೊತೆ ಮಾಡಿ 2010ರಲ್ಲಿ ಪ್ರಕಟಿಸಿದ್ದು. ತೂಕದಲ್ಲಿ ನೂರಕ್ಕೆ 10 ಪಾಲು ನ್ಯಾನೋ ಸಿಲಿಕಾ ಇರುವ ಎಪಾಕ್ಸಿಯಲ್ಲಿ ಗಾಜಿನ ಎಳೆಯ ಹಾಳೆ ಮಾಡಿ, ಅದನ್ನು ಮತ್ತೆ ಮತ್ತೆ ಎಳೆದು ಬಿಟ್ಟು ನೋಡಿದರು. ದಣಿದು ಮುರಿಯುವ ತನಕದ ಆಯುಷ್ಯ ಮೂರರಿಂದ ನಾಲ್ಕು ಪಟ್ಟು ಹೆಚ್ಚಿತು. ರೆಸಿನ್‌ನಲ್ಲಿ ಬಿರುಕು ಹುಟ್ಟುವುದು ಕಡಿಮೆಯಾಯಿತು, ಹುಟ್ಟಿದ್ದೂ ನಿಧಾನವಾಗಿ ಬೆಳೆಯಿತು. ದೋಣಿಯ ತಳಕ್ಕೆ ಬೇಕಾದ್ದು ಇದೇ ಅಲ್ವಾ? ಒಂದು ದೊಡ್ಡ ಪೆಟ್ಟಿಗಿಂತ ದಿನವೂ ಬೀಳುವ ಸಾವಿರ ಸಣ್ಣ ಪೆಟ್ಟು ಅದನ್ನು ಕೊಲ್ಲುವುದು. ನ್ಯಾನೋ ಬಗ್ಗೆ ನನಗೆ ಭರವಸೆ ಇರುವುದು ಈ ದಣಿವಿನ ಲೆಕ್ಕದಲ್ಲೇ.

ಬೇರೆ ಕಣಗಳ ಬಗ್ಗೆ ಒಂದೆರಡು ಮಾತು. ಕಾರ್ಬನ್ ನ್ಯಾನೋ ಕೊಳವೆಗಳು ಉದ್ದವಾಗಿರುವುದರಿಂದ ಬಿರುಕಿನ ಎರಡು ದಡಗಳನ್ನು ಸೇತುವೆಯಂತೆ ಹಿಡಿದುಕೊಳ್ಳುತ್ತವೆ. ಅಮೆರಿಕದ ಎಂಐಟಿಯಲ್ಲಿ ಬ್ರಯಾನ್ ವಾರ್ಡಲ್ ತಂಡ ಈ ಕೊಳವೆಗಳನ್ನು ಪದರಗಳ ನಡುವೆ ನೆಟ್ಟಗೆ ನಿಲ್ಲಿಸಿ, ಪದರಕ್ಕೆ ಪದರ ಹೊಲಿದಂತೆ ಮಾಡಿ ತೋರಿಸಿದೆ. ವಿಮಾನಕ್ಕೆ ಸರಿ, ನಮ್ಮ ದೋಣಿಕಟ್ಟೆಗೆ ಅದು ದೂರದ ಮಾತು. ಇಂಗಾಲದ ಅತಿ ತೆಳು ಹಾಳೆಯಾದ ಗ್ರಾಫೀನ್ ಕೂಡ ಹಾಗೇ. ನ್ಯಾನೋ ಜೇಡಿ ಅಗ್ಗ. ಅದರ ಚಪ್ಪಟೆ ತುಣುಕುಗಳು ನೀರಿನ ದಾರಿಯನ್ನು ಸುತ್ತು ಬಳಸಾಗಿ ಮಾಡುವುದರಿಂದ ಹೊರಪದರಕ್ಕೆ ಉಪಯೋಗವಾಗಬಹುದು. ಬಿರುಕು ತಡೆಯುವಲ್ಲಿ ಅದು ಸಿಲಿಕಾದಷ್ಟು ನಂಬಿಕಸ್ತವಲ್ಲ.

ಈಗ ನಮ್ಮ ದಡಕ್ಕೆ ಬರೋಣ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಎಪಾಕ್ಸಿ ಮೇಲೆ. ನಮ್ಮ ದೋಣಿಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ರೆಸಿನ್‌ನಲ್ಲಿ, ಅದರಲ್ಲೂ ಜಿಪಿ ಎಂದು ಕರೆಯುವ ಅಗ್ಗದ ರೆಸಿನ್‌ನಲ್ಲಿ ಆದವು. ಪಾಲಿಯೆಸ್ಟರ್ ಗಟ್ಟಿಯಾಗುವಾಗ ನೂರಕ್ಕೆ ಏಳರಷ್ಟು ಕುಗ್ಗುತ್ತದೆ. ಅದರ ಅಣುಗಳ ಜಾಲ ಬಿಗಿ. ನ್ಯಾನೋ ಕಣ ಕೆಲಸ ಮಾಡುವುದೇ ಸುತ್ತಲಿನ ರೆಸಿನ್ ಹಿಗ್ಗಿ ರೂಪ ಬದಲಿಸಿದಾಗ. ಹಿಗ್ಗಲಾರದ ಬಿಗಿ ಜಾಲದಲ್ಲಿ ಕಣ ಬಿಟ್ಟುಕೊಂಡರೂ ಪೊಳ್ಳು ಬೆಳೆಯುವುದಿಲ್ಲ, ಶಕ್ತಿಯೂ ಖರ್ಚಾಗುವುದಿಲ್ಲ. ಹಾಗಾಗಿ ಎಪಾಕ್ಸಿಯ ಲಾಭವನ್ನು ಜಿಪಿ ರೆಸಿನ್‌ನಲ್ಲಿ ಎದುರು ನೋಡುವಂತಿಲ್ಲ.

ಎಳೆಯಲ್ಲೂ ವ್ಯತ್ಯಾಸ ಇದೆ. ಪ್ರಯೋಗಾಲಯದಲ್ಲಿ ಎಳೆಗಳನ್ನು ನೇರವಾಗಿ ಅಚ್ಚುಕಟ್ಟಾಗಿ ಜೋಡಿಸಿರುತ್ತಾರೆ. ನಮ್ಮ ಕತ್ತರಿಸಿದ ಎಳೆಯ ಮ್ಯಾಟ್‌ನಲ್ಲಿ ಅವು ಅಡ್ಡಾದಿಡ್ಡಿ ಬಿದ್ದಿವೆ. ಒಂದು ಪದರದ ಎಳೆ ಪಕ್ಕದ ಪದರಕ್ಕೆ ಚುಚ್ಚಿಕೊಂಡು ಬಿರುಕನ್ನು ತಾನೇ ಹಿಡಿಯುತ್ತದೆ. ಚೆನ್ನಾಗಿ ರೋಲರ್ ಆಡಿಸಿದ ಮ್ಯಾಟ್‌ನಲ್ಲಿ ಈ ಹಿಡಿತ ಸುಮ್ನೆ ಸಿಗುತ್ತದೆ, ಅದಕ್ಕೆ ಕಾಸು ಕೊಡಬೇಕಿಲ್ಲ.

ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನ್ಯಾನೋ ಸಿಲಿಕಾ ನಮ್ಮ ದೋಣಿಕಟ್ಟೆಗೆ ಹೊಸದಲ್ಲ. ಏರೋಸಿಲ್ ಎಂದು ಕರೆಯುವ ಹತ್ತಿಯಂತೆ ಹಗುರವಾದ ಬಿಳಿ ಪುಡಿ ಫೈಬರ್ ಕೆಲಸದಲ್ಲಿ ಎಂದಿನಿಂದಲೂ ಇದೆ. ಗೋಡೆಯ ಮೇಲೆ ರೆಸಿನ್ ಇಳಿದು ಹೋಗದಿರಲಿ ಎಂದು, ಮೂಲೆ ತುಂಬುವ ಪುಟ್ಟಿ ಮಾಡಲು ಎಂದು ಬಳಸುತ್ತಾರೆ. ಅದರ ಮೂಲ ಕಣವೂ ಹತ್ತಾರು ನ್ಯಾನೋಮೀಟರ್ ಒಳಗಿನದೇ. ಹಾಗಾದರೆ ಅದನ್ನು ಜಾಸ್ತಿ ಹಾಕಿದರೆ ದೋಣಿ ಬಿರುಕು ಬಿಡುವುದು ನಿಲ್ಲಬೇಕಲ್ಲ? ನಿಲ್ಲುವುದಿಲ್ಲ. ಈ ಪುಡಿಯ ಕಣಗಳು ಒಂದಕ್ಕೊಂದು ಬೆಸೆದು ಸರಪಳಿಗಳಾಗಿವೆ. ಆ ಸರಪಳಿಗಳು ಹೆಣೆದುಕೊಂಡೇ ರೆಸಿನ್ ದಪ್ಪಗಾಗುವುದು. ಬಿರುಕು ತಡೆಯಲು ಬೇಕಾದ್ದು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಹರಡಿದ ಕಣ.

ಹಾಗೆ ಬಿಡಿಸಿ ಹರಡುವುದೇ ಈ ವಿದ್ಯೆಯ ಕಷ್ಟದ ಭಾಗ. 20 ನ್ಯಾನೋಮೀಟರ್ ಸಿಲಿಕಾ ಒಂದು ಗ್ರಾಂ ಇದ್ದರೆ ಅದರ ಕಣಗಳ ಒಟ್ಟು ಮೈ ಸುಮಾರು 130 ಚದರ ಮೀಟರ್ ಆಗುತ್ತದೆ. ಇಷ್ಟು ಮೈ ಇರುವಾಗ ಒಂದನ್ನೊಂದು ಎಳೆದುಕೊಂಡು ಗಂಟುಕಟ್ಟುವುದು ಸಹಜ. ಬಕೆಟ್‌ನಲ್ಲಿ ಪುಡಿ ಸುರಿದು ಡ್ರಿಲ್‌ಗೆ ಕಡ್ಡಿ ಸಿಕ್ಕಿಸಿ ತಿರುಗಿಸಿದರೆ ಆ ಗಂಟು ಬಿಡುವುದಿಲ್ಲ. ಮೈಕ್ರಾನ್‌ಗಟ್ಟಲೆ ದೊಡ್ಡ ಗಂಟು ಒಳಗೆ ಉಳಿದರೆ ಅದು ಬಿರುಕನ್ನು ತಡೆಯುವುದಿರಲಿ, ತಾನೇ ಬಿರುಕಿಗೆ ಹುಟ್ಟುಜಾಗ ಆಗುತ್ತದೆ. ಜೊತೆಗೆ ಗಾಳಿಗುಳ್ಳೆಯೂ ಸೇರುತ್ತದೆ. ಒಣ ಮ್ಯಾಟ್ ಒಳಗೆ ರೆಸಿನ್ ಹೀರಿಸುವ ಇನ್ಫ್ಯೂಷನ್ ಮಾಡುವಲ್ಲಿ ಇನ್ನೊಂದು ತೊಂದರೆ: ಗಂಟುಗಳನ್ನು ಮ್ಯಾಟ್ ಸೋಸಿಬಿಡುತ್ತದೆ, ರೆಸಿನ್ ಒಳಬರುವ ಕಡೆ ಎಲ್ಲ ಕಣ, ದೂರದ ತುದಿಯಲ್ಲಿ ಏನೂ ಇಲ್ಲ. ಕಾರ್ಖಾನೆಯಲ್ಲಿ ಮೂರು ರೋಲಿನ ಗಿರಣಿ, ಅಲ್ಟ್ರಾಸೌಂಡ್ ಬಳಸಿ ಹರಡುತ್ತಾರೆ. ಇಲ್ಲವೇ ಕಣವನ್ನು ದ್ರವದಲ್ಲೇ ಬೆಳೆಸಿ, ಮೈಗೆ ರಾಸಾಯನಿಕ ಹೊದಿಸಿ, ನೇರವಾಗಿ ಎಪಾಕ್ಸಿಗೆ ಸೇರಿಸುತ್ತಾರೆ. ಕಿನ್‌ಲಾಕ್ ತಂಡ ಬಳಸಿದ್ದು ಅಂಥದ್ದನ್ನೇ. ಆದ್ದರಿಂದ ಯಾರಾದರೂ ಪೊಟ್ಟಣದಲ್ಲಿ ನ್ಯಾನೋ ಪುಡಿ ತಂದು ರೆಸಿನ್‌ಗೆ ಕಲಸಿ ಎಂದರೆ ಬೇಡ ಎನ್ನಿ. ಕಣ ಮೊದಲೇ ಹರಡಿರುವ ರೆಸಿನ್ ಆದರೆ ಮಾತ್ರ ಮುಂದಿನ ಮಾತು.

ಮತ್ತೆ ಮಳೆಗಾಲದ ವಿಷಯ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರ ದೊಡ್ಡ ಪಾಲು ಬೀಳುವುದು ಇದೇ ಜೂನ್, ಜುಲೈನಲ್ಲಿ. ದೋಣಿ ಖಾಲಿ ಸಿಗುವುದೂ ಇದೇ ಎರಡು ತಿಂಗಳು. ಅಂದರೆ ರೆಸಿನ್‌ಗೆ ಅತಿ ಕೆಟ್ಟ ಹವೆಯಲ್ಲಿ ನಾವು ಅತಿ ಹೆಚ್ಚು ರಿಪೇರಿ ಮಾಡುತ್ತೇವೆ. ಮ್ಯಾಟ್ ತೇವ ಹೀರಿಕೊಂಡಿರುತ್ತದೆ. ತಳದೊಳಗೆ ಹೋದ ನೀರು ಆರಿರುವುದಿಲ್ಲ. ತಂಪಿಗೆ ರೆಸಿನ್ ತಡವಾಗಿ ಹಿಡಿಯುತ್ತದೆ ಎಂದು ಅದನ್ನು ಗಟ್ಟಿಮಾಡುವ ಕ್ಯಾಟಲಿಸ್ಟ್ ಜಾಸ್ತಿ ಹಾಕುತ್ತಾರೆ. ಹೀಗೆ ಅರೆಬರೆ ಗಟ್ಟಿಯಾದ ರೆಸಿನ್‌ಗೆ ಜಗತ್ತಿನ ಯಾವ ನ್ಯಾನೋ ಕಣವೂ ಜೀವ ಕೊಡಲಾರದು. ಟಾರ್ಪಾಲಿನ ಕೆಳಗೆ ಬಿಸಿ ದೀಪ ಹಚ್ಚಿ ತಳವನ್ನು ದಿನಗಟ್ಟಲೆ ಒಣಗಿಸುವುದು, ಮ್ಯಾಟನ್ನು ಮುಚ್ಚಿದ ಒಣ ಪೆಟ್ಟಿಗೆಯಲ್ಲಿಡುವುದು, ಕ್ಯಾಟಲಿಸ್ಟ್ ಅಳೆದು ಹಾಕುವುದು: ಈ ಮೂರಕ್ಕೆ ಖರ್ಚಾಗುವ ದುಡ್ಡು ನ್ಯಾನೋಗಿಂತ ಮೊದಲು ಹೋಗಬೇಕು.

ಹಾಗಾದರೆ ನಮ್ಮಲ್ಲಿ ನ್ಯಾನೋಗೆ ಜಾಗವೇ ಇಲ್ವಾ? ಇದೆ, ನನ್ನ ಪ್ರಕಾರ ಅದು ತೇಪೆಯ ಅಂಟಿನಲ್ಲಿ ಇದೆ. ಹಳೆ ತಳದ ಮೇಲೆ ಹೊಸ ಮ್ಯಾಟ್ ಹಾಕಿದಾಗ ಹಳೆಯದು ಪೂರ್ತಿ ಗಟ್ಟಿಯಾಗಿಬಿಟ್ಟಿರುತ್ತದೆ. ಹೊಸ ರೆಸಿನ್ ಅದರ ಜೊತೆ ರಾಸಾಯನಿಕವಾಗಿ ಬೆರೆಯುವುದು ಅಷ್ಟಕ್ಕಷ್ಟೆ. ಉಜ್ಜಿ ಒರಟು ಮಾಡಿದ ಮೈಗೆ ಕಚ್ಚಿಕೊಂಡಿರುತ್ತದೆ ಅಷ್ಟೆ. ತೇಪೆಗಳು ಸಿಪ್ಪೆಯಂತೆ ಏಳುವುದು ಅದಕ್ಕೇ. ಇಲ್ಲಿ ಎಪಾಕ್ಸಿ ಪಾಲಿಯೆಸ್ಟರ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಅದರಲ್ಲೂ ನ್ಯಾನೋ ಸಿಲಿಕಾ, ಇಲ್ಲವೇ ಒಳಗೆ ರಬ್ಬರ್ ಹೊರಗೆ ಗಟ್ಟಿ ಚಿಪ್ಪು ಇರುವ ಸಣ್ಣ ಕಣ ಸೇರಿದ ಎಪಾಕ್ಸಿಯಾದರೆ ಬಿರುಕು ಹೊರಡುವ ಗೆರೆಯಲ್ಲೇ ತಡೆ ಸಿಕ್ಕಂತಾಯಿತು. ಬೇಕಾಗುವುದೂ ಕಡಿಮೆ, ಇಡೀ ದೋಣಿಗೆ ಸುರಿಯಬೇಕಿಲ್ಲ. ತಳದ ನಡುಗೆರೆ, ಮೂತಿ, ಅಡ್ಡಪಟ್ಟಿಗಳು ಮೈಗೆ ಕೂಡುವ ಮೂಲೆಗಳು, ಎಂಜಿನ್ ಕೂರುವ ಹಲಗೆ, ಇಷ್ಟು ಸಾಕು. ತೇಪೆಯ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಇಳಿಜಾರಾಗಿ ಉಜ್ಜಿರಬೇಕು. ಒಂದು ಎಚ್ಚರ: ಎಪಾಕ್ಸಿ ಹಾಕಿದ ಮೇಲೆ ಅದರ ಮೇಲೆ ಹೊರಮೈಯ ಹೊಳಪಿನ ಪದರವಾದ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿಗೆ ಎಪಾಕ್ಸಿಗೆ ಹೊಂದುವ ಬಣ್ಣವೇ ಬೇಕು.

ಕೆಲಸ ಮಾಡುವವರ ಶ್ವಾಸಕೋಶದ ಬಗ್ಗೆ ಮಾತಾಡದೆ ಈ ವಿಷಯ ಮುಗಿಯುವುದಿಲ್ಲ. ಈಗಲೂ ಎಷ್ಟೋ ಕಡೆ ಗ್ರೈಂಡರ್ ಹಿಡಿದವರ ಮುಖಕ್ಕೆ ಕಟ್ಟಿದ್ದು ಬರೀ ಟವೆಲ್. ಪಾಲಿಯೆಸ್ಟರ್‌ನಿಂದ ಆವಿಯಾಗಿ ಏಳುವ ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವಂಥದ್ದು ಎಂದು ವರ್ಗೀಕರಿಸಿದೆ. ನ್ಯಾನೋ ಬಂದರೆ ಅದರ ಮೇಲೆ ಇನ್ನೊಂದು ದೂಳು. ಉದ್ದನೆಯ ಕಾರ್ಬನ್ ನ್ಯಾನೋ ಕೊಳವೆಗಳು ಇಲಿಗಳ ಹೊಟ್ಟೆಯ ಒಳಪೊರೆಯಲ್ಲಿ ಕಲ್ನಾರಿನಂತೆ ವರ್ತಿಸಿದ್ದನ್ನು 2008ರಲ್ಲೇ ತೋರಿಸಿದ್ದಾರೆ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯೋಶ್, ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕೊಳವೆ ಒಂದು ಮೈಕ್ರೋಗ್ರಾಂ ಮೀರಬಾರದು ಎಂದು 2013ರಲ್ಲಿ ಶಿಫಾರಸು ಮಾಡಿತು. ತೆರೆದ ಶೆಡ್‌ನಲ್ಲಿ ಅದನ್ನು ಅಳೆಯುವವರು ಯಾರು? ಕಾರ್ಬನ್ ಕೊಳವೆ ನಮ್ಮ ದೋಣಿಕಟ್ಟೆಗೆ ಬರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನ್ಯಾನೋ ಸಿಲಿಕಾ ಹರಳಿನ ರೂಪದ್ದಲ್ಲ, ಹಾಗಾಗಿ ಅಷ್ಟು ಅಪಾಯದ್ದಲ್ಲ, ರೆಸಿನ್‌ನಲ್ಲಿ ಮೊದಲೇ ಸೇರಿದ್ದಾದರೆ ಪುಡಿ ಹಾರುವ ಪ್ರಶ್ನೆಯೂ ಇಲ್ಲ. ಆದರೆ ಮುಂದೆ ಅದನ್ನು ಉಜ್ಜುವ ದಿನ ಬರುತ್ತದೆ. ನೀರು ಹಾಕಿ ಉಜ್ಜುವುದು, ಸರಿಯಾದ ಫಿಲ್ಟರ್ ಇರುವ ಮಾಸ್ಕ್, ದೂಳು ಹೀರುವ ಗ್ರೈಂಡರ್, ಇವು ಈಗಲೇ ಬೇಕು.

ಹಳೆ ಫೈಬರ್ ದೋಣಿಗಳ ಗತಿಯೂ ಯೋಚಿಸಬೇಕಾದ್ದೇ. ಮರದ ದೋಣಿ ಮಣ್ಣಾಗುತ್ತದೆ, ಕಬ್ಬಿಣ ಗುಜರಿಗೆ ಹೋಗುತ್ತದೆ. ಫೈಬರ್ ಕರಗುವುದಿಲ್ಲ, ಸುಟ್ಟರೆ ವಿಷದ ಹೊಗೆ. ಯುರೋಪಿನಲ್ಲಿ ಗಾಳಿಯಂತ್ರದ ರೆಕ್ಕೆಗಳನ್ನು ಪುಡಿ ಮಾಡಿ ಸಿಮೆಂಟ್ ಗೂಡಿಗೆ ಹಾಕುತ್ತಾರೆ. ನಮ್ಮ ದಡದಲ್ಲಿ ಅಂಥ ವ್ಯವಸ್ಥೆ ಕಾಣುವುದಿಲ್ಲ. ಇರುವ ದೋಣಿ ಇನ್ನಷ್ಟು ವರ್ಷ ಬಾಳಿದರೆ ಕಸವೂ ಅಷ್ಟು ಕಾಲ ಮುಂದಕ್ಕೆ ಹೋಗುತ್ತದೆ. ಆ ಲೆಕ್ಕದಲ್ಲೂ ಬಿರುಕು ತಡೆಯುವ ಅಂಟು ಒಳ್ಳೆಯದೇ.

ಈಗ ಆಗಬೇಕಾದ್ದು ಒಂದು ಪರೀಕ್ಷೆ, ಅದೂ ಇಲ್ಲಿಯೇ. ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದ ದೋಣಿಗೆ ಫೈಬರ್ ಹೊದಿಸಿ ನೋಡಿದ ಅನುಭವ ಇರುವಂಥದ್ದು. ನಮ್ಮ ಕೆಲಸದವರ ಕೈಯಿಂದಲೇ, ನಮ್ಮದೇ ಮ್ಯಾಟ್‌ನಿಂದ, ಹಳೆ ದೋಣಿಯಿಂದ ಕತ್ತರಿಸಿದ ತುಂಡುಗಳ ಮೇಲೆ ತೇಪೆ ಹಾಕಿಸಬೇಕು. ಮೂರು ಬಗೆ: ಜಿಪಿ ಪಾಲಿಯೆಸ್ಟರ್, ಸಾದಾ ಎಪಾಕ್ಸಿ, ನ್ಯಾನೋ ಸೇರಿದ ಎಪಾಕ್ಸಿ. ಪ್ರತಿಯೊಂದರಲ್ಲೂ ಅರ್ಧವನ್ನು ಒಣ ಹವೆಯಲ್ಲಿ, ಅರ್ಧವನ್ನು ಜುಲೈ ಮಳೆಯಲ್ಲಿ ಮಾಡಿಸಬೇಕು. ಒಂದು ವರ್ಷ ಬೈತಖೋಲದ ಉಪ್ಪುನೀರಲ್ಲಿ ಮುಳುಗಿಸಿಟ್ಟು, ಆಮೇಲೆ ಪದರ ಬಿಡಿಸಲು ಎಷ್ಟು ಜೂಲ್ ಬೇಕಾಯಿತು ಎಂದು ಅಳೆಯಬೇಕು. ಬಂದ ಅಂಕಿಯನ್ನು ಕನ್ನಡದಲ್ಲಿ ಮತ್ತು ಕೊಂಕಣಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಬಂದರಿನಲ್ಲೂ ಅಂಟಿಸಬೇಕು. ನ್ಯಾನೋ ಡಬ್ಬಿಗೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕವೋ ಅಲ್ಲವೋ ಎಂದು ದೋಣಿಯ ಯಜಮಾನರು ಆ ಅಂಕಿ ನೋಡಿಕೊಂಡೇ ತೀರ್ಮಾನಿಸಲಿ.